ಮೂವತ್ತೆರಡು ಸೆಂಟಿನ ಉಂಗುರ

ಕೊಡಗಿನಲ್ಲಿ ಸೆಂಟ್ ಅಂದರೆ ಜಾಗ. ನೂರು ಸೆಂಟ್ ಸೇರಿದರೆ ಒಂದು ಎಕರೆ. ವಜ್ರದಂಗಡಿಯಲ್ಲೂ ಲೆಕ್ಕ ಸೆಂಟಿನದ್ದೇ, ಆದರೆ ನೂರು ಸೇರಿದರೆ ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ನಿಶ್ಚಿತಾರ್ಥಕ್ಕೆ ನಾನು ಕೊನೆಗೆ ಕೊಂಡದ್ದು 32 ಸೆಂಟಿನ ಒಂಟಿ ಹರಳು, 18 ಕ್ಯಾರೆಟ್ ಹಳದಿ ಚಿನ್ನದಲ್ಲಿ. ಹರಳಿನ ಕ್ಯಾರೆಟ್ ತೂಕ, ಚಿನ್ನದ ಕ್ಯಾರೆಟ್ ಶುದ್ಧತೆ. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳದಿದ್ದರೆ ಬಿಲ್ಲು ಓದುವಾಗ ತಲೆ ಕೆಡುತ್ತದೆ.

ಜೋಮಾಲೆ, ಪತ್ತಾಕ್, ಕೊಕ್ಕೆತಾತಿಯಂಥ ಕೊಡವರ ಚಿನ್ನದೊಡವೆ ಕೊಳ್ಳುವಾಗ ಮನೆಯ ಹಿರಿಯರು ಅಂಗೈಯಲ್ಲಿ ತೂಗಿ ನೋಡಿಯೇ ಹೇಳಿಬಿಡುತ್ತಾರೆ. ಒಂಟಿ ಹರಳಿನ ಉಂಗುರಕ್ಕೆ ಆ ಕೈಲೆಕ್ಕ ನಡೆಯುವುದಿಲ್ಲ, ಯಾಕೆಂದರೆ ಇಲ್ಲಿ ಹಣದ ದೊಡ್ಡ ಪಾಲು ಹೋಗುವುದು ಗ್ರಾಮಿನ ಹದಿನೈದನೇ ಒಂದು ಭಾಗವೂ ತೂಗದ ಒಂದು ಕಲ್ಲಿಗೆ.

ಮೊದಲು ಬೆರಳು, ಆಮೇಲೆ ಹರಳು. ನಮ್ಮ ಅಂಗಡಿಗಳ ಉಂಗುರದ ಸೈಜಿಗೆ ಒಂದು ಸುಲಭ ಸೂತ್ರವಿದೆ: ಒಳಸುತ್ತಳತೆ ಎಷ್ಟು ಮಿಲಿಮೀಟರೋ ಅದರಿಂದ 40 ಕಳೆಯಬೇಕು. 52 ಮಿ.ಮೀ. ಇದ್ದರೆ 12ನೇ ಸೈಜು, ಒಳವ್ಯಾಸ ಸುಮಾರು 16.5 ಮಿ.ಮೀ. ನೂಲು ಸುತ್ತಿ ಅಳೆದರೆ ನೂಲು ಜಗ್ಗಿ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತದೆ, ಅಷ್ಟಕ್ಕೇ ಒಂದೆರಡು ಸೈಜು ತಪ್ಪಿತು. ಅಂಗಡಿಯಲ್ಲಿರುವ ಸೈಜ್ ರಿಂಗುಗಳ ಗೊಂಚಲಿನಿಂದಲೇ ಅಳೆಸಿ. ಹುಡುಗಿಗೆ ಗೊತ್ತಾಗದಂತೆ ಮಾಡುವ ಆಸೆಯಿದ್ದರೆ ಅದೇ ಬೆರಳಿಗೆ ಹಾಕುವ ಹಳೆಯ ಉಂಗುರವೊಂದನ್ನು ಅವಳ ಅಕ್ಕನಿಂದಲೋ ಅತ್ತಿಗೆಯಿಂದಲೋ ತರಿಸಿಕೊಳ್ಳಿ.

ನನ್ನ ಮೊದಲ ತಪ್ಪು ಇಲ್ಲೇ ಆಯಿತು. ಮಡಿಕೇರಿಯಲ್ಲಿ ಜುಲೈ ತಿಂಗಳ ಬೆಳಗ್ಗೆ ಅಳೆಸಿದಾಗ 11 ಬಂತು. ಅದೇ ಬೆರಳು ಏಪ್ರಿಲ್‌ನಲ್ಲಿ ಕುಶಾಲನಗರದ ಮಧ್ಯಾಹ್ನಕ್ಕೆ 12 ಕೇಳಿತು. ಚಳಿಗೆ ಬೆರಳು ಸೊರಗುತ್ತದೆ, ಸೆಕೆಗೆ ಊದುತ್ತದೆ. ಈಗ ಯಾರು ಕೇಳಿದರೂ ಮೂರು ಸಲ ಅಳೆಸಿ ಅನ್ನುತ್ತೇನೆ: ತಣ್ಣಗಿನ ಬೆಳಗ್ಗೆ, ಊಟವಾದ ಮೇಲೆ, ಸಂಜೆ. ಗಂಟು ದಾಟುವಾಗ ಸ್ವಲ್ಪ ತಡೆದು, ತೆಗೆಯುವಾಗ ತಿರುಗಿಸಿದರೆ ಬರುವ ಸೈಜೇ ಸರಿ. ಪಟ್ಟಿ 4 ಮಿ.ಮೀ.ಗಿಂತ ಅಗಲವಿದ್ದರೆ ಅರ್ಧ ಸೈಜು ದೊಡ್ಡದು ಬೇಕಾಗುತ್ತದೆ. ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಆಮೇಲೆ ಹಿಗ್ಗಿಸಲಾಗುವುದಿಲ್ಲ ಅನ್ನುವುದೂ ನೆನಪಿರಲಿ.

ಇನ್ನು ಹರಳು. ತೂಕ, ಬಣ್ಣ, ಶುಭ್ರತೆ, ಕಟ್ (ಹರಳನ್ನು ಕತ್ತರಿಸಿದ ರೀತಿ) ಎಂಬ ನಾಲ್ಕನ್ನು ಎಲ್ಲರೂ ಹೇಳುತ್ತಾರೆ. ನಾಲ್ಕಕ್ಕೂ ಸಮನಾಗಿ ಹಣ ಹಂಚಬೇಕಿಲ್ಲ. ನಾನು ಕಟ್ ಒಂದರಲ್ಲಿ ರಾಜಿ ಮಾಡಿಕೊಳ್ಳಲಿಲ್ಲ, ಉಳಿದ ಮೂರರಲ್ಲೂ ಮಾಡಿಕೊಂಡೆ. ದುಂಡು ಹರಳಿನ ಐವತ್ತೇಳು ಮುಖಗಳ ಕೋನ ಸರಿಯಿದ್ದರೆ ಮೇಲಿಂದ ಹೊಕ್ಕ ಬೆಳಕು ಮೇಲಕ್ಕೇ ಮರಳುತ್ತದೆ. ಆಳ ಹೆಚ್ಚಾದರೆ ನಡುಮಧ್ಯೆ ಮೊಳೆಯ ತಲೆಯಂತೆ ಕಪ್ಪು ಕಾಣುತ್ತದೆ. ತೆಳುವಾದರೆ ಅಂಚಿನ ಒಳಗಡೆ ಮೀನಿನ ಕಣ್ಣಿನಂತೆ ಬೂದು ಬಳೆಯೊಂದು ಕಾಣುತ್ತದೆ. ಸರ್ಟಿಫಿಕೇಟಿನಲ್ಲಿ ಕಟ್‌ಗೆ ಎಕ್ಸಲೆಂಟ್ ಎಂದಿರಲಿ, ಟೇಬಲ್ (ಮೇಲಿನ ಚಪ್ಪಟೆ ಮುಖ) ವ್ಯಾಸದ ಶೇ. 54–58, ಆಳ ಶೇ. 60–62.5ರ ಆಸುಪಾಸಿನಲ್ಲಿರಲಿ. ಆಳ ಜಾಸ್ತಿಯಾದ 50 ಸೆಂಟಿನ ಕಲ್ಲು ಮೇಲಿನಿಂದ 4.9 ಮಿ.ಮೀ. ಅಷ್ಟೇ ಕಾಣಬಹುದು, ಚೆನ್ನಾಗಿ ಕಟ್ ಆದದ್ದು 5.1 ಮಿ.ಮೀ. ತೂಕಕ್ಕೆ ಹಣ ಕೊಟ್ಟು ಆ ತೂಕವನ್ನು ಹೊಟ್ಟೆಯಲ್ಲಿ ಅಡಗಿಸಿಟ್ಟ ಕಲ್ಲು ಕೊಂಡ ಹಾಗೆ.

30, 50, 70, 100 ಸೆಂಟಿನ ಗಡಿ ದಾಟಿದರೆ ಸೆಂಟ್ ಒಂದರ ದರವೇ ಏರುತ್ತದೆ. 50 ಕೇಳುವವರು 47–48 ಕೂಡ ನೋಡಲಿ. ಬೆರಳ ಮೇಲೆ ವ್ಯತ್ಯಾಸ ಯಾರಿಗೂ ಕಾಣದು. ನನ್ನ 32 ಸೆಂಟಿನದ್ದು 4.4 ಮಿ.ಮೀ. ವ್ಯಾಸದ್ದು.

ಬಣ್ಣದ ಶ್ರೇಣಿ ಡಿ ಅಕ್ಷರದಿಂದ ಝಡ್‌ವರೆಗೆ. ಡಿ, ಇ, ಎಫ್ ಬಿಳಿ. ಕೆಳಗಿಳಿದಂತೆ ಹಳದಿ ಛಾಯೆ. ಅಂಗಡಿಯ ಫೋಕಸ್ ದೀಪದ ಕೆಳಗೆ ಯಾವ ಕಲ್ಲೂ ಮಿನುಗುತ್ತದೆ, ಗಾಜಿನ ಚೂರು ಕೂಡ. ಬಣ್ಣ ನೋಡಲು ಮಳೆಗಾಲದ ಮೋಡದ ಬೆಳಕಿಗಿಂತ ಒಳ್ಳೆಯದು ಇಲ್ಲ. ಆ ಒಂದು ವಿಷಯದಲ್ಲಿ ನಮ್ಮ ಜಿಲ್ಲೆಗೆ ಬಡತನವಿಲ್ಲ. ವಿಸಿಟಿಂಗ್ ಕಾರ್ಡೊಂದನ್ನು ಉದ್ದಕ್ಕೆ ಮಡಚಿ, ಆ ಬಿಳಿ ಸಂದಿಯಲ್ಲಿ ಕಲ್ಲನ್ನು ಬೋರಲಾಗಿ, ಚೂಪು ತುದಿ ಮೇಲಾಗಿ ಇಡಿಸಿ, ಕಿಟಕಿಯ ಹತ್ತಿರ ಒಯ್ದು ಪಕ್ಕದಿಂದ ನೋಡಿ. ಪಕ್ಕದಲ್ಲೇ ಒಂದು ಜಿ, ಒಂದು ಜೆ ಇಡಿಸಿದರೆ ಜೆ ಕಲ್ಲಿನ ಚೂಪು ತುದಿಯ ಬಳಿ ತಿಳಿಟೀಯ ಛಾಯೆ ತಾನಾಗಿ ಕಾಣುತ್ತದೆ. ಈಗ ಅದೇ ಮೂರನ್ನೂ ಅಂಗಾತ ಮಾಡಿ ಹಳದಿ ಚಿನ್ನದ ಉಂಗುರದ ಮೇಲಿಟ್ಟು ನೋಡಿ, ಗುರುತಿಸುವುದು ಕಷ್ಟ. ಹಾಗಾಗಿ ಹಳದಿ ಚಿನ್ನಕ್ಕೆ ಎಚ್ ಅಥವಾ ಐ ಧಾರಾಳ ಸಾಕು. ವೈಟ್ ಗೋಲ್ಡ್ ಅಥವಾ ಪ್ಲಾಟಿನಂ ಆದರೆ ಜಿಗಿಂತ ಕೆಳಗಿಳಿಯಬೇಡಿ.

ಶುಭ್ರತೆಯ ದರ್ಜೆ ವಿವಿಎಸ್, ವಿಎಸ್, ಎಸ್‌ಐ ಎಂದು ಇಳಿಯುತ್ತದೆ. ವಿಎಸ್2 ಇದ್ದರೆ ಸಾಮಾನ್ಯವಾಗಿ ಬರಿಗಣ್ಣಿಗೆ ಏನೂ ಕಾಣದು. ಎಸ್‌ಐ1ರಲ್ಲೂ ಹಲವು ಕಲ್ಲುಗಳು ಹಾಗೆಯೇ. "ವಿವಿಎಸ್ ಸಾರ್, ಕಣ್ಣು ಮುಚ್ಚಿ ತಗೊಳ್ಳಿ" ಅನ್ನುವವರಿದ್ದಾರೆ. ಕಣ್ಣು ಮುಚ್ಚಿ ಕೊಳ್ಳುವುದಾದರೆ ವಜ್ರವೇ ಯಾಕೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೇಳಿ ಪಡೆದು, ಕಣ್ಣಿಗೆ ಒತ್ತಿಕೊಂಡು, ಕಲ್ಲನ್ನು ಅದರ ಹತ್ತಿರ ತನ್ನಿ. ದೋಷ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಟೇಬಲ್ ಕೆಳಗಿನ ಕಪ್ಪು ಚುಕ್ಕೆ ಬೇಡ. ಅಂಚಿನವರೆಗೆ ಬಂದ ಬಿರುಕಂತೂ ಬೇಡವೇ ಬೇಡ. ವಜ್ರ ಗಟ್ಟಿ ನಿಜ, ಆದರೆ ನಾಲ್ಕು ದಿಕ್ಕಿನಲ್ಲಿ ಸೀಳುವ ಗುಣ ಅದಕ್ಕಿದೆ. ತೆಳು ಅಂಚಿಗೆ ಸರಿಯಾದ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತದೆ.

ಒಂಟಿ ಹರಳಿಗೆ ಜಿಐಎ ಅಥವಾ ಐಜಿಐ ಎಂಬ ವಜ್ರ ಪರೀಕ್ಷಾ ಸಂಸ್ಥೆಯ ವರದಿ ಇರಲೇಬೇಕು. ಅದೂ ಬಿಡಿ ಹರಳಿನದ್ದು. ಇಡೀ ಉಂಗುರಕ್ಕೆ ಕೊಡುವ ಕಾರ್ಡಿನಲ್ಲಿ ಬಣ್ಣ, ಶುಭ್ರತೆಗಳು "ಜಿ-ಎಚ್, ಎಸ್‌ಐ" ಎಂಬಂತೆ ಗುಂಪಾಗಿ ಇರುತ್ತವೆ, ಒಂದು ಕಲ್ಲಿನ ಲೆಕ್ಕ ಅದರಲ್ಲಿ ಸಿಗದು. ವರದಿಯ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಅಳತೆ ತಾಳೆ ನೋಡಿ. ಅದೇ ಸಂಖ್ಯೆ ಕಲ್ಲಿನ ಅಂಚಿನ ಮೇಲೆ ಲೇಸರಿನಲ್ಲಿ ಕೆತ್ತಿದ್ದರೆ ಲೂಪ್‌ನಲ್ಲಿ ಕಾಣುತ್ತದೆ. ಇದನ್ನು ಉಂಗುರಕ್ಕೆ ಕೂರಿಸುವ ಮೊದಲೇ ನೋಡಬೇಕು, ಆಮೇಲೆ ಹರಳನ್ನು ಹಿಡಿದಿಡುವ ಕಟ್ಟಿನ ಚಿನ್ನ ಅದನ್ನು ಮುಚ್ಚಿಬಿಡಬಹುದು.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಅದೇ ಇಂಗಾಲ. ಬೆಲೆ ಬಹಳ ಕಡಿಮೆ. ಮರುಮಾರಾಟದ ಆಸೆ ಇಟ್ಟುಕೊಳ್ಳದಿದ್ದರೆ ಆಕ್ಷೇಪವಿಲ್ಲ. ಆದರೆ ಕೈಯಲ್ಲಿ ಹಿಡಿಯುವ ಸಾಮಾನ್ಯ ಟೆಸ್ಟರ್ ಇದಕ್ಕೂ ನೆಲದಿಂದ ಬಂದ ವಜ್ರಕ್ಕೂ ಇರುವ ಭೇದ ಹೇಳದು, ಪ್ರಯೋಗಾಲಯವೇ ಹೇಳಬೇಕು. ಶಾಖದಿಂದ ಪರೀಕ್ಷಿಸುವ ಟೆಸ್ಟರಿಗೆ ಮಾಯ್ಸನೈಟ್ ಎಂಬ ವಜ್ರದಂತೆ ಕಾಣುವ ಬೇರೆ ಕಲ್ಲು ಕೂಡ ವಜ್ರವೇ. ಅದನ್ನು ಲೂಪ್‌ನಲ್ಲಿ ಓರೆಯಾಗಿ ನೋಡಿದರೆ ಹಿಂಬದಿಯ ಗೆರೆಗಳು ಎರಡೆರಡಾಗಿ ಕಾಣುತ್ತವೆ.

ಕಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಟಮಾರಿಯದ್ದು. ಹರಳನ್ನು ಹಿಡಿಯುವ ಸಣ್ಣ ಕೊಕ್ಕೆಗಳಿಗೆ ಪ್ರಾಂಗ್ ಅನ್ನುತ್ತಾರೆ. ಎತ್ತರದ ಆರು ಪ್ರಾಂಗ್‌ಗಳ ಕಟ್ಟು ಫೋಟೋದಲ್ಲಿ ಚೆಂದ. ಆದರೆ ಆರು ತಿಂಗಳು ಸ್ವೆಟರ್ ಹಾಕುವ ಊರಿನಲ್ಲಿ ಪ್ರತಿ ಸಲ ತೋಳು ತೂರಿಸುವಾಗ ಒಂದು ಎಳೆ ಸಿಕ್ಕುತ್ತದೆ, ಒಂದು ಪ್ರಾಂಗ್ ಕೂದಲೆಳೆಯಷ್ಟು ಮೇಲೇಳುತ್ತದೆ. ಒಂದು ದಿನ ಕಣದಲ್ಲಿ ಕಾಫಿ ಕೆದಕುವಾಗ ಕಲ್ಲು ಹೋದರೆ ಹುಡುಕುವುದು ಎಲ್ಲಿ? ತೋಟ, ಅಡುಗೆಮನೆ ಎರಡೂ ಇರುವ ಕೈಗೆ ಸುತ್ತಲೂ ಚಿನ್ನದ ಅಂಚು ಮಡಚಿ ಹಿಡಿಸುವ ಬೆಜೆಲ್ ಕಟ್ಟೇ ಸರಿ. ಹೊಳಪು ತುಸು ಕಡಿಮೆ ಅನ್ನುತ್ತಾರೆ, ಕಟ್ ಚೆನ್ನಾಗಿದ್ದರೆ ಆ ಕೊರತೆ ಗೊತ್ತಾಗದು. ಪ್ರಾಂಗೇ ಬೇಕೆಂದರೆ ತಗ್ಗಿನ ಕಟ್ಟು ಮಾಡಿಸಿ. 22 ಕ್ಯಾರೆಟ್ ಮೆದು, ಪ್ರಾಂಗ್ ಬೇಗ ಸವೆದು ಬಾಗುತ್ತದೆ. 18 ಕ್ಯಾರೆಟ್ ಬಳಸುವುದು ಅದಕ್ಕೇ. ಪಟ್ಟಿಯ ದಪ್ಪ 1.5 ಮಿ.ಮೀ.ಗಿಂತ ಕಡಿಮೆಯಾದರೆ ನಾಲ್ಕೈದು ವರ್ಷಕ್ಕೆ ಅಂಡಾಕಾರವಾಗುತ್ತದೆ. ವೈಟ್ ಗೋಲ್ಡ್‌ಗೆ ರೋಡಿಯಂ ಲೇಪ ಸವೆದಾಗಲೆಲ್ಲ ಮತ್ತೆ ಮಾಡಿಸುವ ಖರ್ಚು ಇದೆ.

ಬಿಲ್ಲಿಗೆ ಬರೋಣ. ಲೆಕ್ಕ ಸುಲಭವಾಗಲೆಂದು 24 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 18 ಕ್ಯಾರೆಟ್ ಅದರ ಮುಕ್ಕಾಲು, 7,500. ಉಂಗುರದ ಒಟ್ಟು ತೂಕ 3.564 ಗ್ರಾಂ, ಅದರಲ್ಲಿ 32 ಸೆಂಟಿನ ಕಲ್ಲು 0.064, ಕಳೆದರೆ ಚಿನ್ನ 3.500 ಗ್ರಾಂ, ಬೆಲೆ 26,250. ಒಟ್ಟು ತೂಕಕ್ಕೇ ದರ ಹಾಕಿದರೆ 480 ರೂಪಾಯಿ ಹೆಚ್ಚು. ನನಗೊಂದು ಕಡೆ ಕೊಟ್ಟ ಅಂದಾಜಿನಲ್ಲಿ ದೊಡ್ಡ ಏಟು ಬೇರೆಯೇ ಇತ್ತು: 18 ಕ್ಯಾರೆಟ್ ಉಂಗುರಕ್ಕೆ 22 ಕ್ಯಾರೆಟ್ ದರ. ಮೇಲಿನ ಲೆಕ್ಕದಲ್ಲೇ ನೋಡಿದರೆ ಅದು 5,800 ರೂಪಾಯಿಯಷ್ಟು ವ್ಯತ್ಯಾಸ, ಮೇಕಿಂಗ್ ಚಾರ್ಜೂ ಅದರ ಮೇಲೇ ಶೇಕಡಾವಾರು ಏರುತ್ತದೆ. "ಮೇಕಿಂಗ್‌ನಲ್ಲಿ ಅರ್ಧ ಬಿಟ್ಟಿದ್ದೇವೆ" ಎಂಬ ಬೋರ್ಡು ಕಂಡಾಗ ಮೊದಲು ಗ್ರಾಂ ದರ ಕೇಳಿ. ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ತೂಕ, ಕಲ್ಲಿನ ಸೆಂಟ್, ಕಲ್ಲಿನ ಬೆಲೆ, ಮೇಕಿಂಗ್, ಶೇ. 3 ಜಿಎಸ್‌ಟಿ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಬರಲಿ. ಎರಡು ಲಕ್ಷ ದಾಟಿದರೆ ಪಾನ್ ಕಾರ್ಡ್ ಬೇಕು, ಅಷ್ಟನ್ನು ನಗದಾಗಿ ಕೊಡುವಂತೆಯೂ ಇಲ್ಲ. ವಾಪಸ್ ಕೊಟ್ಟರೆ ಕಲ್ಲಿಗೆ ಶೇಕಡಾ ಎಷ್ಟು, ಚಿನ್ನಕ್ಕೆ ಎಷ್ಟು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿ.

ಹಳೆಯ ಚಿನ್ನ ಕೊಟ್ಟು ಕೊಳ್ಳುವವರಿಗೆ ಒಂದು ಮಾತು: ಜೋಮಾಲೆಯ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ತಕ್ಕಡಿಯ ತೂಕವೆಲ್ಲ ಚಿನ್ನವಲ್ಲ. ಅದಿರಲಿ, ಉಂಗುರಕ್ಕಾಗಿ ಜೋಮಾಲೆ ಕರಗಿಸುವುದು ನನಗಂತೂ ಒಪ್ಪದ ಮಾತು.

ವಿರಾಜಪೇಟೆ, ಮಡಿಕೇರಿ, ಗೋಣಿಕೊಪ್ಪದ ಅಂಗಡಿಗಳಲ್ಲಿ ಬಿಡಿ ಹರಳಿನ ಆಯ್ಕೆ ಕಡಿಮೆ, ಹೇಳಿದರೆ ಹೊರಗಿನಿಂದ ತರಿಸುತ್ತಾರೆ. ಒಂದೇ ದರ್ಜೆಯ ಮೂರು ಕಲ್ಲು ಪಕ್ಕಪಕ್ಕ ನೋಡಬೇಕೆಂದರೆ ಮೈಸೂರಿಗೆ ಹೋಗುವುದು ವಾಸಿ. ಆದರೆ ಕಟ್ಟನ್ನು ಆಮೇಲೆ ಬಿಗಿಸಿಕೊಡುವವರು ಹತ್ತಿರ ಇರಬೇಕು ಎಂಬ ವಾದದಲ್ಲೂ ಹುರುಳಿದೆ. ಹೇಗಾದರೂ ನಿಶ್ಚಿತಾರ್ಥಕ್ಕೆ ಆರು ವಾರ ಮುಂಚೆ ಆರ್ಡರ್ ಕೊಡಿ. ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆ ಯಾವಾಗ ಬಂದ್ ಆಗುತ್ತದೆಂದು ಹೇಳಲಾಗದು.

ಉಂಗುರ ಕೈಗೆ ಬಂದ ದಿನ ಒಳಗಡೆ ಚಿನ್ನದ ಶುದ್ಧತೆಯ ಬಿಐಎಸ್ ಗುರುತು, 18ಕೆ750 ಮತ್ತು ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ನೋಡಿ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದೆ. ಅದು ಚಿನ್ನಕ್ಕಷ್ಟೇ ಸಾಕ್ಷಿ, ಹರಳಿಗಲ್ಲ. ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿದೆ. ಗಿಲಿಗಿಲಿ ಸದ್ದು ಬಂದರೆ ಕಲ್ಲು ಸಡಿಲ. ಉಣ್ಣೆಯ ಶಾಲಿನ ಮೇಲೆ ನಾಲ್ಕೂ ದಿಕ್ಕಿಗೆ ಎಳೆದೆ. ಒಂದು ಕಡೆ ಎಳೆ ಸಿಕ್ಕಿತು, ಅಲ್ಲೇ ಅಂಚು ನಯ ಮಾಡಿಸಿದೆ.

ವಜ್ರಕ್ಕೆ ಜಿಡ್ಡು ಬೇಗ ಹಿಡಿಯುತ್ತದೆ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಇಪ್ಪತ್ತು ನಿಮಿಷ ನೆನೆಸಿ ಮೆದು ಬ್ರಷ್ಷಿನಿಂದ ಹಿಂಬದಿ ಉಜ್ಜಿದರೆ ಸಾಕು. ಸಿಂಕಿನಲ್ಲಿ ಮಾತ್ರ ತೊಳೆಯಬೇಡಿ. ತೋಟಕ್ಕೆ ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ದಿನ ಉಂಗುರ ಮನೆಯಲ್ಲಿರಲಿ, ಸುಣ್ಣ ಕಲ್ಲಿನ ಕೆಳಗೆ ಗಟ್ಟಿಯಾಗಿ ಕೂರುತ್ತದೆ. ಬ್ಲೀಚಿಂಗ್ ನೀರು 18 ಕ್ಯಾರೆಟ್‌ನ ಬೆರಕೆ ಲೋಹವನ್ನು ತಿನ್ನುತ್ತದೆ. ಬಿಲ್ಲನ್ನು ಕೂಡಲೇ ಜೆರಾಕ್ಸ್ ಮಾಡಿಸಿಡಿ, ಥರ್ಮಲ್ ಕಾಗದದ ಅಕ್ಷರ ಒಂದೆರಡು ವರ್ಷಕ್ಕೆ ಮಾಸುತ್ತದೆ. ವರದಿಯನ್ನು ಮರದ ಬೀರುವಿನಲ್ಲಿ ಇಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮದು ಸಿಲಿಕಾ ಜೆಲ್‌ನ ಎರಡು ಪೊಟ್ಟಣದ ಜೊತೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿದೆ.