ಕಲ್ಲಿನ ಧೂಳು, ನಾಲ್ಕು ವಿಭಾಗ, ಒಂದು ಹಾಳೆ: ನನ್ನ ಸಂಶೋಧನೆಯ ಅನುಭವ

ಸಿಲಿಕೋಸಿಸ್, ಅಂದರೆ ಕಲ್ಲಿನ ನಯವಾದ ಧೂಳು ಶ್ವಾಸಕೋಶ ಸೇರಿ ಬರುವ ಕಾಯಿಲೆಯ ಬಗ್ಗೆ ಸಂಶೋಧನೆಗೆ ಇಳಿಯುವವರು ಮೊದಲು ಕಾರ್ಮಿಕನ ಕೆಲಸದ ಚರಿತ್ರೆ ಬರೆದುಕೊಳ್ಳಬೇಕು. ಎಕ್ಸ್‌ರೇ ಆಮೇಲೆ, ಧೂಳಿನ ಅಳತೆ ಆಮೇಲೆ, ಕಾನೂನಿನ ಕಲಮುಗಳೂ ಆಮೇಲೆ. ಗ್ರಾನೈಟ್ ಕತ್ತರಿಸುವ, ಕೆತ್ತುವ ಸಣ್ಣ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಓಡಾಡಿದ ಮೇಲೆ ಈ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ.

ನಾನು ಓದಿದ್ದು ಎಂಜಿನಿಯರಿಂಗ್. ಕೈಗಾರಿಕಾ ಸುರಕ್ಷತೆ ನನ್ನ ವಿಷಯ. ನಮ್ಮ ತಂಡದಲ್ಲಿ ಎದೆರೋಗದ ಡಾಕ್ಟರೊಬ್ಬರು, ಕಾರ್ಮಿಕ ಕಾನೂನು ಪಾಠ ಮಾಡುವ ಮೇಡಂ ಒಬ್ಬರು, ಮ್ಯಾನೇಜ್‌ಮೆಂಟ್ ವಿಭಾಗದ ಅಧ್ಯಾಪಕರೊಬ್ಬರು ಇದ್ದರು. ಎಲ್ಲರ ಬಾಯಲ್ಲೂ ಧೂಳಿನದೇ ಮಾತು. ಆದರೆ ಒಬ್ಬೊಬ್ಬರಿಗೆ ಬೇಕಾದ ಸಾಕ್ಷಿ ಒಂದೊಂದು ಥರ.

ನನಗೆ ಬೇಕಿದ್ದದ್ದು ಅಳತೆ. ಕಾರ್ಮಿಕನ ಸೊಂಟಕ್ಕೆ ಒಂದು ಸಣ್ಣ ಪಂಪು ಕಟ್ಟುತ್ತೇವೆ. ಅದರ ಟ್ಯೂಬು ಬೆನ್ನ ಮೇಲಿಂದ ಬಂದು ಕಾಲರ್ ಹತ್ತಿರ, ಮೂಗಿನಿಂದ ಒಂದು ಗೇಣಿನ ಒಳಗೆ ಕೂರುತ್ತದೆ. ಅಲ್ಲಿ ಸೈಕ್ಲೋನ್ ಅನ್ನುವ ಪುಟ್ಟ ಉಪಕರಣ ಇರುತ್ತದೆ. ದಪ್ಪ ಧೂಳು ಅದರಲ್ಲಿ ಕೆಳಗೆ ಬೀಳುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯಬಲ್ಲ ನಯವಾದ ಧೂಳು ಮಾತ್ರ ಫಿಲ್ಟರ್ ಮೇಲೆ ನಿಲ್ಲುತ್ತದೆ. ನಿಮಿಷಕ್ಕೆ 1.7 ಲೀಟರ್‌ನಂತೆ 8 ಗಂಟೆ ಎಳೆದರೆ ಒಂದು ಘನ ಮೀಟರ್ ಗಾಳಿಯೂ ಆಗುವುದಿಲ್ಲ.

ಮಿತಿ ಎಷ್ಟು? ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಎರಡನೇ ಷೆಡ್ಯೂಲ್‌ನಲ್ಲಿ ಒಂದು ಸೂತ್ರವಿತ್ತು. ಧೂಳಿನಲ್ಲಿರುವ ಕ್ವಾರ್ಟ್ಜ್‌ನ, ಅಂದರೆ ಈ ಕಾಯಿಲೆ ತರುವ ಸಿಲಿಕಾ ಹರಳಿನ, ಶೇಕಡಾವಾರಿಗೆ 2 ಕೂಡಿಸಬೇಕು, ಬಂದದ್ದರಿಂದ 10ನ್ನು ಭಾಗಿಸಬೇಕು. ಧೂಳಿನಲ್ಲಿ 30% ಕ್ವಾರ್ಟ್ಜ್ ಇದ್ದರೆ ಘನ ಮೀಟರಿಗೆ ಸುಮಾರು 0.31 ಮಿಲಿಗ್ರಾಂ. ಅಂದರೆ ದಿನವಿಡೀ ಪಂಪು ಓಡಿದ ಮೇಲೆ ಫಿಲ್ಟರ್ ಮೇಲೆ ಕಾಲು ಮಿಲಿಗ್ರಾಂ ಕೂತಿದ್ದರೆ ಮಿತಿ ಮುಟ್ಟಿತು ಅಂತಲೇ ಲೆಕ್ಕ. ಆ ಕಾಲು ಮಿಲಿಗ್ರಾಂ ಕಣ್ಣಿಗೆ ಕಂಡರೂ ತೆಳ್ಳಗೆ ಬೂದು ಬಳಿದಂತೆ ಕಾಣುತ್ತದೆ, ಅಷ್ಟೇ. ಬಟ್ಟೆ ಮೇಲೆ, ಹುಬ್ಬಿನ ಮೇಲೆ ಬೆಳ್ಳಗೆ ಕೂತ ಧೂಳನ್ನು ನೋಡಿ ಎಲ್ಲರೂ ಗಾಬರಿಯಾಗುತ್ತಾರೆ. ಕೊಲ್ಲುವುದು ಈ ಕಾಣದ ಧೂಳು.

ಕಲ್ಲು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮಾರುಕಟ್ಟೆಯಲ್ಲಿ ಕಪ್ಪು ಗ್ರಾನೈಟ್ ಅಂತ ಮಾರುವುದು ಬಹುಪಾಲು ಡೋಲರೈಟ್ ಅಥವಾ ಗ್ಯಾಬ್ರೊ. ಅದರಲ್ಲಿ ಕ್ವಾರ್ಟ್ಜ್ ತೀರಾ ಕಡಿಮೆ. ಇಳಕಲ್ಲಿನ ಕೆಂಪು ಕಲ್ಲಿನಂಥ ನಿಜವಾದ ಗ್ರಾನೈಟ್‌ನಲ್ಲಿ ಜಾಸ್ತಿ. ಹಾಗಾಗಿ "20 ವರ್ಷ ಕಲ್ಲು ಕೆಲಸ ಮಾಡಿದ್ದೀನಿ ಸಾರ್" ಅಂತ ಒಬ್ಬರು ಹೇಳಿದರೆ ನನಗೆ ಅಷ್ಟು ಸಾಲುವುದಿಲ್ಲ. ಯಾವ ಕಲ್ಲು, ಯಾವ ಮಷಿನ್, ನೀರಿಲ್ಲದೆ ಕತ್ತರಿಸಿದ್ದೋ ನೀರು ಬಿಟ್ಟೋ, ಬಯಲಲ್ಲೋ ತಗಡಿನ ಶೆಡ್ಡಿನಲ್ಲೋ ಅಂತ ಗೊತ್ತಾಗಬೇಕು.

ಡಾಕ್ಟರಿಗೂ ಅದೇ ಬೇಕಿತ್ತು. ಸಿಲಿಕೋಸಿಸ್ ಮತ್ತು ಟಿಬಿ ಎಕ್ಸ್‌ರೇಯಲ್ಲಿ ಒಂದನ್ನೊಂದು ಹೋಲಬಹುದು. ಎರಡೂ ಒಟ್ಟಿಗೇ ಇರುವುದೂ ಉಂಟು. ಒಪಿಡಿ ಚೀಟಿಯಲ್ಲಿ ಉದ್ಯೋಗ ಅನ್ನುವ ಕಡೆ 'ಕೂಲಿ' ಅಂತ ಬರೆದಿರುತ್ತದೆ. ಮತ್ತೆ ಮತ್ತೆ ಟಿಬಿ ಮಾತ್ರೆ ನುಂಗಿದವರು ನಮಗೆ ಸಿಕ್ಕರು. ಎಲ್ಲಿ ಕೂಲಿ ಅಂತ ಅವರನ್ನು ಯಾರೂ ಕೇಳಿರಲಿಲ್ಲ.

ಎಕ್ಸ್‌ರೇ ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒದ ಪದ್ಧತಿ ಬಳಸಿದೆವು. ಅದರಲ್ಲಿ ಶ್ವಾಸಕೋಶದ ಚುಕ್ಕೆಗಳು ಎಷ್ಟು ದಟ್ಟ ಅನ್ನುವುದಕ್ಕೆ 12 ಮೆಟ್ಟಿಲು. ಮಾದರಿ ಫಿಲ್ಮ್‌ಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. 1/0 ಅಂತ ಬರೆದರೆ ಓದಿದವರು ಒಂದನೇ ದರ್ಜೆ ಅಂತ ತೀರ್ಮಾನಿಸಿದ್ದಾರೆ, ಆದರೆ ಸೊನ್ನೆಯನ್ನೂ ಗಂಭೀರವಾಗಿ ಯೋಚಿಸಿದ್ದಾರೆ ಅಂತ ಅರ್ಥ. ನಮ್ಮ ಕಾನೂನು ಮೇಡಂ ಇದನ್ನು ನೋಡಿ, "ಇದು ಕಾಯಿಲೆಯೋ ಅಲ್ವೋ? ಪರಿಹಾರದ ಕಮಿಷನರ್ ಮುಂದೆ ನಾನು ಏನಂತ ಹೇಳಲಿ?" ಅಂತ ಕೇಳಿದರು. ಡಾಕ್ಟರ ಉತ್ತರ ನೇರವಾಗಿತ್ತು: "ಫಿಲ್ಮ್ ಒಂದನ್ನೇ ನೋಡಿ ಹೇಳಲ್ಲ ಮೇಡಂ. ಎಷ್ಟು ವರ್ಷ ಧೂಳಲ್ಲಿದ್ರು ಅಂತ ತಂದುಕೊಡಿ, ಹೇಳ್ತೀನಿ."

ಕಾನೂನಿನ ಕಡೆಯಿಂದ ನೋಡಿದರೂ ಗಂಟು ಅಲ್ಲಿಯೇ. ನಾವು ಈ ಕೆಲಸ ಶುರು ಮಾಡಿದಾಗ ಜಾರಿಯಲ್ಲಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. ಸಿಲಿಕೋಸಿಸ್ ಅದರ ಮೂರನೇ ಷೆಡ್ಯೂಲ್‌ನ 'ಸಿ' ಭಾಗದಲ್ಲಿತ್ತು. ಕಾರ್ಮಿಕ ಹಲವು ಮಾಲೀಕರ ಹತ್ತಿರ ದುಡಿದಿದ್ದರೆ ಎಲ್ಲರೂ ಪಾಲು ಕೊಡಬೇಕು, ಯಾರದೆಷ್ಟು ಅಂತ ಕಮಿಷನರ್ ನಿರ್ಧರಿಸಬೇಕು ಅನ್ನುತ್ತಿತ್ತು ಅದರ 3(2ಎ) ಕಲಮು. ಬರೆದವರಿಗೆ ಈ ಕೆಲಸದ ಸ್ವಭಾವ ಗೊತ್ತಿತ್ತು ಅನಿಸುತ್ತದೆ. ಆದರೆ ಪಾಲು ಹಂಚಲು ಯಾವ ಶೆಡ್ಡಿನಲ್ಲಿ ಎಷ್ಟು ಕಾಲ ಅಂತ ತೋರಿಸಬೇಕಲ್ಲ? ಪೇ ಸ್ಲಿಪ್ ಇಲ್ಲ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ.

ಯಾಕಿಲ್ಲ ಅನ್ನುವುದಕ್ಕೂ ಕಾನೂನಿನಲ್ಲೇ ಉತ್ತರವಿದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಮಾತ್ರ ಅದು ಕಾರ್ಖಾನೆ ಅನಿಸಿಕೊಳ್ಳುತ್ತಿತ್ತು. ನಾವು ನೋಡಿದ ಶೆಡ್ಡುಗಳಲ್ಲಿ ಆರು, ಎಂಟು, ಒಂಬತ್ತು ಜನ. ಕೆಲಸದ ಸುರಕ್ಷತೆ, ಆರೋಗ್ಯದ ಬಗೆಗಿನ 2020ರ ಹೊಸ ಸಂಹಿತೆ ಈ ಸಂಖ್ಯೆಯನ್ನು 20 ಮತ್ತು 40 ಮಾಡಿದೆ. ಧೂಳಿಗೆ ತಲೆ ಎಣಿಸಲು ಬರುವುದಿಲ್ಲ. ಈ ತಿದ್ದುಪಡಿ ತಪ್ಪು ಅಂತಲೇ ನನ್ನ ಅಭಿಪ್ರಾಯ.

ನಮ್ಮದೇ ಕೋಲಾರದ ಚಿನ್ನದ ಗಣಿ ನೆನಪಿಸಿಕೊಳ್ಳಿ. 1940ರ ದಶಕದಲ್ಲಿ ಅಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರ ಎದೆ ತಪಾಸಣೆ ನಡೆಯಿತು. 40%ಕ್ಕಿಂತ ಜಾಸ್ತಿ ಜನರಲ್ಲಿ ಸಿಲಿಕೋಸಿಸ್ ಕಂಡಿತು. ಭಯ ಹುಟ್ಟಿಸುವ ಸಂಖ್ಯೆ ಅದು. ಆದರೂ ಅಲ್ಲಿ ಕಂಪನಿ ಇತ್ತು, ಆಸ್ಪತ್ರೆ ಇತ್ತು, ಹಾಜರಿ ಪುಸ್ತಕ ಇತ್ತು. ಹಾಗಾಗಿ ಎಣಿಸಲು ಆಯಿತು. ಗಣಿ 2001ರಲ್ಲಿ ಮುಚ್ಚಿತು. ಇವತ್ತಿನ ಶೆಡ್ಡಿನ ಕಾರ್ಮಿಕನಿಗೆ ಆ ಪುಸ್ತಕವೂ ಇಲ್ಲ.

ಆ ಪುಸ್ತಕವನ್ನು ನಾವೇ ಕಟ್ಟಬೇಕಾಯಿತು. ಒಂದು ಉದ್ದನೆಯ ಹಾಳೆ ಮಾಡಿಕೊಂಡೆವು. ಎಡಗಡೆ ಇಸವಿ. ಅದರ ಪಕ್ಕ ಮನೆಯ ಸಂಗತಿಗಳು: ಮದುವೆ, ಮಕ್ಕಳು ಹುಟ್ಟಿದ್ದು, ಮನೆಗೆ ಶೀಟು ಹಾಕಿಸಿದ್ದು, ತಂದೆ ತೀರಿಕೊಂಡದ್ದು. ಆಮೇಲೆ ಊರಿನ ಸಂಗತಿಗಳು: ಚುನಾವಣೆ, ಬರ, ಜಾತ್ರೆ. ಬಲಗಡೆ ಶೆಡ್ಡು, ಮೇಸ್ತ್ರಿ, ಕಲ್ಲು, ಮಷಿನ್, ನೀರು. "ಯಾವ ಇಸವಿ?" ಅಂತ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. "ದೊಡ್ಡ ಮಗಳು ಹುಟ್ಟಿದಾಗ ಯಾವ ಶೆಡ್ಡಲ್ಲಿದ್ರಿ ಯಜಮಾನ್ರೇ?" ಅಂದರೆ ತಟ್ಟನೆ ಬರುತ್ತದೆ. ಮಗಳ ಶಾಲೆಯ ಟಿಸಿಯಲ್ಲಿ ಹುಟ್ಟಿದ ತಾರೀಕು ಇರುತ್ತದೆ. ಒಂದು ಗೂಟ ನೆಟ್ಟಂತಾಯಿತು. ಉಳಿದದ್ದನ್ನು ಅದಕ್ಕೆ ಕಟ್ಟುತ್ತಾ ಹೋಗಬಹುದು.

ಹೆಂಡತಿ ಪಕ್ಕದಲ್ಲಿದ್ದರೆ ಕೆಲಸ ಸಲೀಸು. ಒಂದು ಮನೆಯಲ್ಲಿ ಗಂಡ, "ಅಲ್ಲಿ ಎರಡು ವರ್ಷ ಇದ್ದೆ" ಅಂದರು. ಒಲೆ ಮುಂದಿದ್ದ ಹೆಂಡತಿ ಅಲ್ಲಿಂದಲೇ ತಿದ್ದಿದರು: "ಎರಡಲ್ಲ, ನಾಕು. ಅಡ್ವಾನ್ಸ್ ತೀರೋವರ್ಗೂ ಬಿಡ್ಲಿಲ್ವಲ್ಲ ಅವ್ರು." ಆ ಮುಂಗಡ ನಮಗೆ ದೊಡ್ಡ ಸುಳಿವು. ಮುಂಗಡ ಕೊಟ್ಟ ಮೇಸ್ತ್ರಿ ನೋಟ್‌ಬುಕ್ ಇಟ್ಟಿರುತ್ತಾನೆ. ಆ ಪುಟ್ಟ ಪಾಕೆಟ್ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು, ಹಣ ಎಲ್ಲಾ ಇರುತ್ತದೆ. ಸಾಲ ವಸೂಲಿಗೆ ಬರೆದದ್ದು ಕೆಲಸಕ್ಕೆ ಪುರಾವೆಯಾಯಿತು. ಜೊತೆಗೆ ಅದೇ ಶೆಡ್ಡಿನಲ್ಲಿ ದುಡಿದ ಇಬ್ಬರ ಹೇಳಿಕೆ, ಕಟ್ಟಡದ ಮುಂದೆ ತೆಗೆಸಿಕೊಂಡ ಫೋಟೊ ಇದ್ದರೆ ಅದೂ. ಗ್ರೈಂಡರ್ ಯಾವಾಗ ಬಂತು ಅಂತ ತಪ್ಪದೆ ಕೇಳಿ. ಉಳಿ ಸುತ್ತಿಗೆಯ ಕಾಲದ ಧೂಳೇ ಬೇರೆ, ಒಣ ಬ್ಲೇಡಿನ ಧೂಳೇ ಬೇರೆ.

ಈ ಹಾಳೆ ತುಂಬಿದ ಮೇಲೆ ನಾಲ್ಕೂ ವಿಭಾಗದ ಕೆಲಸ ಒಂದೇ ದಾರಿಗೆ ಬಂತು. ನಾನು ಪ್ರತಿ ಸಾಲಿಗೂ ಧೂಳಿನ ಅಂದಾಜು ಹಾಕಿದೆ. ಡಾಕ್ಟರು ಎಕ್ಸ್‌ರೇ ಜೊತೆ ಇಟ್ಟು ನೋಡಿದರು. ಫಿಲ್ಮ್ ದರ್ಜೆ ಹಾಕುವಾಗ ಮಾತ್ರ ಹಾಳೆ ಅವರ ಕಣ್ಣಿಗೆ ಬೀಳದಂತೆ ಇಟ್ಟಿದ್ದೆವು, ಇಲ್ಲದಿದ್ದರೆ ಓದುವಾಗಲೇ ಮನಸ್ಸು ಒಂದು ಕಡೆ ವಾಲುತ್ತದೆ. ಮೇಡಂ ಅದೇ ಹಾಳೆಯಿಂದ ಮಾಲೀಕರ ಪಟ್ಟಿ ಮಾಡಿದರು.

ಮ್ಯಾನೇಜ್‌ಮೆಂಟ್ ಅಧ್ಯಾಪಕರು ಅದರಲ್ಲಿ ಬೇರೆ ಏನನ್ನೋ ಕಂಡರು. ಅಡಿ ಲೆಕ್ಕದ ಕೂಲಿ ಇರುವ ಕಡೆಯಲ್ಲೆಲ್ಲ ನೀರಿನ ಕಾಲಂ ಖಾಲಿ. ಹೋಗಿ ಕೇಳಿದರೆ ಕಾರಣಗಳು ಸರಿಯಾಗೇ ಇದ್ದವು. ನೀರು ಬಿಟ್ಟರೆ ಕಲ್ಲಿನ ಮೇಲೆ ಎಳೆದ ಗೆರೆ ಅಳಿಸುತ್ತದೆ, ಕೈ ನಿಧಾನವಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ. ಕೈ ಗ್ರೈಂಡರಿಗೆ ನೀರು ತಾಗಿದರೆ ಶಾಕ್ ಹೊಡೆಯುವ ಭಯ ಬೇರೆ. ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡಬೇಕು? ಸುಮ್ನೆ ಮಾಸ್ಕ್ ಹಂಚಿ ಫೋಟೊ ತೆಗೆಸಿಕೊಂಡರೆ ಇದು ಯಾವುದೂ ಬಗೆಹರಿಯುವುದಿಲ್ಲ. ಒಬ್ಬ ಮಾಲೀಕರು ಒಪ್ಪಿದರು. ಅಡಿ ದರ ಸ್ವಲ್ಪ ಏರಿಸಿದರು, ನೀರಿನ ಖರ್ಚು ತಾವೇ ಹೊತ್ತರು. ನಾವು ಶಾಕ್ ತಪ್ಪಿಸುವ ಬ್ರೇಕರ್ ಹಾಕಿಸಿದೆವು. ನೀರಿಗೆ ಅಳಿಸದ ಪೆನ್ಸಿಲಿನಲ್ಲಿ ಗೆರೆ ಎಳೆದರು. ಫಿಲ್ಟರಿನ ತೂಕ ಎದ್ದು ಕಾಣುವಷ್ಟು ಇಳಿಯಿತು.

ಎಕ್ಸ್‌ರೇ ಫಲಿತಾಂಶ ಯಾರ ಕೈಗೆ ಅನ್ನುವುದರಲ್ಲಿ ನಾವು ಕಟ್ಟುನಿಟ್ಟಾಗಿದ್ದೆವು. ಹೆಸರಿದ್ದ ವರದಿ ಕಾರ್ಮಿಕನಿಗೆ ಮಾತ್ರ. ಮಾಲೀಕರಿಗೆ ಕೊಟ್ಟದ್ದು ಧೂಳಿನ ಅಳತೆ. ಕಾಯಿಲೆ ಗೊತ್ತಾದ ಮಾರನೇ ದಿನವೇ ಕೆಲಸ ಬಿಡಿಸುವುದು ಈ ಕ್ಷೇತ್ರದಲ್ಲಿ ಹೊಸದೇನಲ್ಲ. ಒಪ್ಪಿಗೆ ಪತ್ರದಲ್ಲೇ ಇದನ್ನು ಬರೆದು, ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಂಡೆವು. ಕೆಲಸದ ಚರಿತ್ರೆಯ ಹಾಳೆಯನ್ನೂ ಲ್ಯಾಮಿನೇಟ್ ಮಾಡಿಸಿ ಅವರಿಗೇ ಕೊಟ್ಟೆವು. ಈಗ ಕೆಲವರು ಆಸ್ಪತ್ರೆಗೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗುತ್ತಾರೆ.

ಈಗ ಹಿಡಿದಿರುವುದು ಶೆಡ್ಡು ಗುಡಿಸುವ ಹೆಂಗಸರ ಹಾಳೆ. ಸಂಜೆ ಮಷಿನ್ ನಿಂತ ಮೇಲೆ ಒಣ ಪುಡಿಯನ್ನು ಪೊರಕೆಯಲ್ಲಿ ಎತ್ತುವವರು ಅವರು. ಮೇಸ್ತ್ರಿಯ ನೋಟ್‌ಬುಕ್ಕಿನಲ್ಲೂ ಅವರ ಹೆಸರಿರುವುದಿಲ್ಲ, ದುಡ್ಡು ಗಂಡನ ಲೆಕ್ಕಕ್ಕೆ ಸೇರಿರುತ್ತದೆ. ಅದಕ್ಕೆ ಗಂಡನ ಹಾಳೆ ಇಟ್ಟುಕೊಂಡು, ಒಂದೊಂದು ಸಾಲಿಗೂ "ಆವಾಗ ನೀವೂ ಹೋಗ್ತಿದ್ರಾ ಅಮ್ಮಾ?" ಅಂತ ಕೇಳುತ್ತಾ ಬರೆಯುತ್ತಿದ್ದೇವೆ. ಪಂಪು ಅವರ ಸೊಂಟಕ್ಕೂ ಕಟ್ಟುತ್ತಿದ್ದೇವೆ, ಗುಡಿಸುವ ಹೊತ್ತಿಗೆ ಬೇರೆಯೇ ಫಿಲ್ಟರ್ ಹಾಕಿ.