ಹುಸೇನ್ ಕುದುರೆಗೆ ನಾನೇ ಮತ್ತೆ ಫ್ರೇಮ್ ಕಟ್ಟಿದ್ದು

ಚಿತ್ರಕಲಾವಿದ ಎಂ.ಎಫ್. ಹುಸೇನರ ಕುದುರೆ ಸೆರಿಗ್ರಾಫ್ ಒಂದು ನಮ್ಮನೇಲಿದೆ, ಒಂದು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು. ಎಡಗಡೆ ಕೆಳಗೆ ಪೆನ್ಸಿಲಲ್ಲಿ 112/150 ಅಂತ ಇದೆ, ಅಂದ್ರೆ ನೂರೈವತ್ತು ಹಾಳೇಲಿ ಇದು ನೂರಾ ಹನ್ನೆರಡನೇದು, ಬಲಗಡೆ ಅವರ ಸಹಿ.

ಸೆರಿಗ್ರಾಫ್ ಅಂದ್ರೆ ಮದುವೆ ಕಾರ್ಡಿಗೆ ಮಾಡ್ತಾರಲ್ಲ ಅದೇ ಸ್ಕ್ರೀನ್ ಪ್ರಿಂಟಿಂಗು, ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಇಟ್ಟು ಮೇಲಿಂದ ಮೇಲೆ ಇಂಕ್ ಎಳೀತಾರೆ. ತಗೊಳ್ಳೋ ಮುಂಚೆ ಭೂತಗನ್ನಡಿ ಇಟ್ಟು ನೋಡಿದ್ದೆ. ಕ್ಯಾಲೆಂಡರಲ್ಲಿ ಬರೋ ಥರ ಸಣ್ಣ ಸಣ್ಣ ಬಣ್ಣದ ಚುಕ್ಕಿ ಇರ್ಲಿಲ್ಲ, ಕುದುರೆ ಕತ್ತಿನ ಕಪ್ಪು ಗೆರೆ ಕೆಂಪಿನ ಮೇಲೆ ಕೂದಲೆಳೆಯಷ್ಟು ಎತ್ತರಕ್ಕೆ ಕೂತಿತ್ತು. ಹುಸೇನರು ಪಂಢರಪುರದಲ್ಲಿ ಹುಟ್ಟಿ, ಮುಂಬೈಲಿ ಸಿನಿಮಾ ಹೋರ್ಡಿಂಗ್ ಬರೆದು ಬೆಳೆದೋರು, ಆ ದೊಡ್ಡ ಕೈಯ ಬೀಸು ಸ್ಕ್ರೀನಿಗೆ ಹೇಳಿ ಮಾಡಿಸಿದ ಹಾಗಿರುತ್ತೆ ಅಂತ ನನ್ನ ಅನಿಸಿಕೆ. 2011ರಲ್ಲಿ ಲಂಡನ್ನಲ್ಲಿ ತೀರ್ಕೊಂಡ್ರು. ಈ ಹಾಳೆ ಹಾಳಾದ್ರೆ ಇನ್ನೊಂದಕ್ಕೆ ಸಹಿ ಹಾಕೋರು ಇಲ್ಲ.

ಹಾಳಾಗೋದರಲ್ಲೂ ಇತ್ತು. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಬಟ್ಟೆನೇ ಒಣಗಲ್ಲ. ಮೂರನೇ ಮಳೆಗಾಲಕ್ಕೆ ಹಾಳೆ ಅಂಚಲ್ಲಿ ಕಂದು ಚುಕ್ಕಿ ಎದ್ದಿದ್ದು ಕಂಡು ಹಿಂದಿನ ಕಾಗದ ಹರಿದು ಮೊಳೆ ಕಿತ್ತು ನೋಡ್ತೀನಿ, ಫ್ರೇಮ್ ಮಾಡಿದೋರು ಹಾರ್ಡ್‌ಬೋರ್ಡಿಗೆ ನೇರ ಒತ್ತಿ ನಾಕೂ ಮೂಲೆಗೆ ಸೆಲ್ಲೋಟೇಪ್ ಹಚ್ಚಿಬಿಟ್ಟಿದ್ರು, ಮುಂದಿನ ಗಾಜೂ ಇಂಕಿಗೆ ತಾಗ್ಕೊಂಡೇ ಇತ್ತು! ಹೊಟ್ಟೆ ಉರೀತು.

ಹಳೇ ಕಾಗದಗಳ ಕನ್ಸರ್ವೇಷನ್, ಅಂದ್ರೆ ಹಾಳಾಗದ ಹಾಗೆ ಕಾಪಾಡೋ ಕೆಲಸ ಮಾಡೋ ಪರಿಚಯದ ಅಕ್ಕ ಒಬ್ರಿಗೆ ಫೋನ್ ಮಾಡ್ದೆ. "ಅವಸರ ಮಾಡ್ಬೇಡ ಮಾರಾಯ, ಎಳೆದ್ರೆ ಕಾಗದದ ಸಿಪ್ಪೆನೂ ಬರುತ್ತೆ" ಅಂದ್ರು. ಹಿಂಭಾಗದಿಂದ ಹೇರ್ ಡ್ರೈಯರ್ ಸಣ್ಣಗೆ ಬಿಸಿ ತೋರಿಸಿ, ತೆಳು ಚಾಕು ಅಡಿಗೆ ತೂರಿಸಿ, ಟೇಪನ್ನ ಅದರ ಮೇಲೇ ಮಡಚ್ಕೊಂಡು ಬಂದೆ, ನಾಕು ಮೂಲೆಗೆ ಒಂದು ಇಡೀ ಮಧ್ಯಾಹ್ನ. ಹಳದಿ ಕಲೆ ಉಳೀತು, ಆದ್ರೆ ಅಂಚಲ್ಲಿ ಮಾತ್ರ, ಚಿತ್ರಕ್ಕೆ ಬಂದಿಲ್ಲ. ಕಂದು ಚುಕ್ಕೀನ ನಾನು ಮುಟ್ಟೋಕೇ ಹೋಗ್ಲಿಲ್ಲ, ಅದು ಗೊತ್ತಿರೋರ ಕೆಲಸ.

ಆಮೇಲೆ ಬೆಂಗಳೂರಿಂದ ಆಸಿಡ್ ಫ್ರೀ ಮೌಂಟ್ ಬೋರ್ಡ್, ಅಂದ್ರೆ ಚಿತ್ರ ಕೂರಿಸೋ ಆಮ್ಲ ಇಲ್ಲದ ದಪ್ಪ ರಟ್ಟು, ತರಿಸ್ದೆ. ಗೋಧಿ ಪಿಷ್ಟ ಒಂದು ಪಾಲಿಗೆ ನಾಕು ಪಾಲು ನೀರು ಹಾಕಿ ಗಂಟಾಗದ ಹಾಗೆ ಕಾಯಿಸಿ, ಸೋಸಿ, ತೆಳು ಜಪಾನೀ ಕಾಗದದ ಎರಡೇ ಪಟ್ಟಿಲಿ ಮೇಲ್ಗಡೆ ಮಾತ್ರ ಅಂಟಿಸ್ದೆ, ಕೆಳಗಡೆ ಪೂರ್ತಿ ಬಿಟ್ಟೆ, ಯಾಕಂದ್ರೆ ಮಳೆಗಾಲದ ಥಂಡಿಗೆ ಕಾಗದ ಹಿಗ್ಗುತ್ತೆ, ಬೇಸಿಗೇಲಿ ಕುಗ್ಗುತ್ತೆ, ನಾಕೂ ಕಡೆ ಕಟ್ಟಿಹಾಕಿದ್ರೆ ಅಲೆ ಅಲೆ ಏಳುತ್ತೆ. ಈ ಅಂಟು ನಾಳೆ ಬೇಡ ಅಂದ್ರೆ ನೀರಿನ ಪಸೆಗೇ ಬಿಡುತ್ತೆ, ಫೆವಿಕಾಲ್ ಬಿಡಲ್ಲ. ಗಾಜಿಗೂ ಹಾಳೆಗೂ ಮಧ್ಯೆ ಮೌಂಟ್ ದಪ್ಪದಷ್ಟು ಸಂದು ಕೊಟ್ಟೆ.

ಮುಂಚೆ ಅದು ಇದ್ದಿದ್ದು ಮಳೆ ಹೊಡೆಯೋ ಪಶ್ಚಿಮದ ಗೋಡೆ ಮೇಲೆ. ಈಗ ಒಳಗಿನ ನಡುಮನೆ ಗೋಡೆಗೆ ಬಂದಿದೆ, ಬಿಸಿಲೂ ಇಲ್ಲ ಥಂಡಿನೂ ಇಲ್ಲ. ಹಿಂದಿನ ನಾಕು ಮೂಲೆಗೆ ಬಾಟಲ್ ಕಾರ್ಕ್ ತುಂಡು ಅಂಟಿಸಿದೀನಿ, ಗೋಡೆಗೂ ಫ್ರೇಮಿಗೂ ಮಧ್ಯೆ ಗಾಳಿ ಆಡ್ಲಿ ಅಂತ. ಎರಡು ಮಳೆಗಾಲ ಕಳೀತು, ಹೊಸ ಚುಕ್ಕಿ ಒಂದೂ ಬಂದಿಲ್ಲ.