ಬೇರೆ ಬೇರೆ ಕಾಲದ ಅಮೆರಿಕನ್ ಕಾಲೇಜು ಬಾಸ್ಕೆಟ್‌ಬಾಲ್ ಗಾರ್ಡ್‌ಗಳನ್ನು ನಾನು ಹೋಲಿಸಿದ ಬಗೆ

2024ರ ಮಾರ್ಚ್ 3ರಂದು ಅಯೋವಾ ಸಿಟಿಯಲ್ಲಿ, ಒಹಾಯೊ ಸ್ಟೇಟ್ ವಿರುದ್ಧದ ಆಟದ ಮೊದಲರ್ಧ ಮುಗಿಯುವ ಹೊತ್ತಿಗೆ, ಅಯೋವಾ ತಂಡದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಎರಡು ಫ್ರೀ ಥ್ರೋ (ಫೌಲಿಗೆ ಸಿಗುವ ಒಂದಂಕದ ಶಾಟ್) ಹಾಕಿದರು. ಪುರುಷರ ಆಟದಲ್ಲಿ ಪೀಟ್ ಮಾರಾವಿಚ್ 1970ರಲ್ಲಿ ನಿಲ್ಲಿಸಿಹೋಗಿದ್ದ 3,667 ಅಂಕಗಳ ಮೊತ್ತ ಅಲ್ಲಿಗೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೊದಲ ದರ್ಜೆಯ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕಿಳಿಯಿತು. ಆ ವಾರ ನಮ್ಮ ಅಂಕಣದಲ್ಲಿ ಹುಡುಗರ ನಡುವೆ ಪ್ರಾಕ್ಟೀಸಿಗಿಂತ ವಾದವೇ ಜಾಸ್ತಿ ನಡೆಯಿತು.

"ಸರ್, ಮಾರಾವಿಚ್ ಹೊಡೆದಿದ್ದು ಬರೀ 83 ಆಟದಲ್ಲಿ. ಕ್ಲಾರ್ಕ್‌ಗೆ ನಾಲ್ಕು ವರ್ಷ ಸಿಕ್ತು, ದೂರದಿಂದ ಹಾಕಿದ್ರೆ ಮೂರಂಕ ಕೊಡೋ ಥ್ರೀನೂ ಇತ್ತು. ಎರಡನ್ನೂ ಒಂದೇ ಪಟ್ಟೀಲಿ ಹೇಗೆ ಹಾಕ್ತಾರೆ?"

"ಲೋ, ಮಾರಾವಿಚ್‌ಗೆ ಅಪ್ಪಾನೇ ಕೋಚ್ ಕಣೋ. ಎಷ್ಟು ಬೇಕಾದ್ರೂ ಹೊಡ್ಕೋ ಅಂತ ಬಿಟ್ಟಿದ್ರು."

ಇಬ್ಬರು ಹೇಳಿದ್ದೂ ನಿಜವೇ. ಕಾಲ ಬೇರೆ, ಹೋಲಿಸಲು ಬರುವುದಿಲ್ಲ ಎಂದು ಹೇಳಿ ನಾನು ಮಾತು ಮುಗಿಸಬಹುದಿತ್ತು. ಆದರೆ ಆ ಉತ್ತರ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಗಾರ್ಡ್ (ಚೆಂಡು ತಂದು ಆಟ ನಡೆಸುವ, ಹೆಚ್ಚಾಗಿ ಹೊರಗಿನಿಂದ ಹೊಡೆಯುವ ಆಟಗಾರ) ಆಗಿ ಆಡಿದವನು ನಾನು, ಆಮೇಲೆ ಸ್ಕೋರರ್ ಮೇಜಿನಲ್ಲೂ ವರ್ಷಗಟ್ಟಲೆ ಕೂತಿದ್ದೇನೆ. ಹೋಲಿಸಬಹುದು, ಆದರೆ ಒಟ್ಟು ಅಂಕದಿಂದ ಶುರು ಮಾಡಬಾರದು ಎಂಬುದು ನನ್ನ ನಂಬಿಕೆ. ಪ್ರತಿ ಗಾರ್ಡನ್ನೂ ಮೊದಲು ಅವರ ಕಾಲದ ಗಾರ್ಡ್‌ಗಳ ಪಕ್ಕ ನಿಲ್ಲಿಸಬೇಕು, ಬೇರೆ ಕಾಲದವರ ಪಕ್ಕ ನಿಲ್ಲಿಸುವುದು ಆಮೇಲೆ. ಆ ಹುಡುಗರಿಗಾಗಿ ಒಂದು ನೋಟ್‌ಬುಕ್ ತೆಗೆದು ಕೂತೆ.

ಮೊದಲ ಪುಟದಲ್ಲಿ ಆಟಗಾರರ ಹೆಸರಿರಲಿಲ್ಲ, ಬರೀ ನಿಯಮಗಳಿದ್ದವು. ಮಾರಾವಿಚ್ ಆಡಿದ ಕಾಲದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಕಾಲೇಜಿನ ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ, ಆ ತಡೆ ಹೋದದ್ದು 1972–73ರಲ್ಲಿ. ಹಾಗಾಗಿ ಅವರಿಗೆ ಸಿಕ್ಕಿದ್ದು ಮೂರೇ ವರ್ಷ. ಪುರುಷರ ಕಾಲೇಜು ಆಟಕ್ಕೆ ಶಾಟ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು ಎನ್ನುವ ಗಡಿಯಾರ) ಬಂದದ್ದು 1985–86ರಲ್ಲಿ, ಅದೂ 45 ಸೆಕೆಂಡಿನದು. 1993–94ರಲ್ಲಿ ಅದು 35 ಆಯಿತು, 2015–16ರಲ್ಲಿ 30. ಥ್ರೀ ಪಾಯಿಂಟ್ ಗೆರೆ 1986–87ರಲ್ಲಿ 19 ಅಡಿ 9 ಇಂಚಿನಲ್ಲಿ ಬಂತು, 2008–09ರಲ್ಲಿ ಒಂದಡಿ ಹಿಂದೆ ಹೋಯಿತು, 2019–20ರಲ್ಲಿ ಅಂತರರಾಷ್ಟ್ರೀಯ ದೂರವಾದ 22 ಅಡಿ ಒಂದೂಮುಕ್ಕಾಲು ಇಂಚಿಗೆ ಸರಿಯಿತು. ಮಹಿಳೆಯರ ಆಟದ ದಾರಿಯೇ ಬೇರೆ. ಅಲ್ಲಿ 30 ಸೆಕೆಂಡಿನ ಕ್ಲಾಕ್ 1970ರ ಆಸುಪಾಸಿನಲ್ಲೇ ಇತ್ತು. ಆದರೆ 1984–85ರ ತನಕ ಪುರುಷರ ಅಳತೆಯ ದೊಡ್ಡ ಚೆಂಡಿನಲ್ಲೇ ಆಡಬೇಕಿತ್ತು. ಈ ಪುಟ ಎದುರಿಗಿಲ್ಲದೆ ಯಾರ ಅಂಕವನ್ನೂ ಓದಬಾರದು ಎಂದು ಹುಡುಗರಿಗೆ ಹೇಳಿದೆ.

ಎರಡನೇ ಪುಟ ಮಾರಾವಿಚ್‌ಗೆ. ಲೂಯಿಸಿಯಾನಾ ಸ್ಟೇಟ್‌ಗೆ 83 ಆಟ, ಆಟಕ್ಕೆ 44.2 ಅಂಕ. ಎಲ್ಲರೂ ಇಲ್ಲಿಗೇ ನಿಲ್ಲುತ್ತಾರೆ. ನಾನು ಹುಡುಕಿದ್ದು ಅದರ ಪಕ್ಕದ ಕಾಲಮ್ಮನ್ನು. 3,166 ಶಾಟ್‌ಗಳಲ್ಲಿ 1,387 ಬಿದ್ದಿವೆ, ಎಂದರೆ 43.8 ಶೇಕಡಾ. ಆಟವೊಂದಕ್ಕೆ 38 ಶಾಟ್! ಇಂದಿನ ಕಾಲೇಜಿನಲ್ಲಿ ತಂಡದ ಅತ್ಯುತ್ತಮ ಗಾರ್ಡ್‌ಗೂ ಅದರ ಅರ್ಧ ಸಿಗುವುದು ಕಷ್ಟ. ಫ್ರೀ ಥ್ರೋ 1,152ರಲ್ಲಿ 893. ಹಳೆಯ ಬಾಕ್ಸ್ ಸ್ಕೋರ್‌ಗಳಲ್ಲಿ ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು) ಲೆಕ್ಕ ಸಿಗುವುದಿಲ್ಲ, ಅದಿಲ್ಲದೆ ಒಬ್ಬ ಆಟಗಾರ ತಂಡಕ್ಕೆ ಚೆಂಡು ಸಿಕ್ಕ ಎಷ್ಟು ಸರದಿಗಳನ್ನು (ಪೊಸೆಶನ್) ಬಳಸಿದ ಎಂದು ಹೇಳಲಾಗದು. ಅದಕ್ಕೆ ನಾನು ಟ್ರೂ ಶೂಟಿಂಗ್ ಲೆಕ್ಕ ಹಿಡಿದೆ: ಶಾಟ್ ಯತ್ನಗಳಿಗೆ ಫ್ರೀ ಥ್ರೋ ಯತ್ನಗಳ 0.44 ಪಾಲು ಕೂಡಿಸಿ, ಆ ಮೊತ್ತದ ಎರಡರಷ್ಟರಿಂದ ಅಂಕಗಳನ್ನು ಭಾಗಿಸುವುದು. ಮಾರಾವಿಚ್‌ಗೆ ಬಂದದ್ದು ಸುಮಾರು 50 ಶೇಕಡಾ. (ಆ 0.44 ಎಲ್ಲ ಕಾಲಕ್ಕೂ ಅಷ್ಟೇ ಸರಿಹೊಂದದು, ಫ್ರೀ ಥ್ರೋ ಕೊಡುವ ನಿಯಮವೂ ಬದಲಾಗುತ್ತ ಬಂದಿದೆ. ಅಂದಾಜಿಗೆ ಸಾಕು.) ಇದೇ ಲೆಕ್ಕದಲ್ಲಿ ಡೇವಿಡ್‌ಸನ್‌ನ ಸ್ಟೀಫನ್ ಕರಿ 2007–08ರಲ್ಲಿ 64 ಶೇಕಡಾ.

ಹಾಗಾದರೆ ಕರಿ ಮೇಲೆ, ಮಾರಾವಿಚ್ ಕೆಳಗೆ ಎಂದು ಬರೆದುಬಿಡಬಹುದೇ? ಖಂಡಿತ ಇಲ್ಲ. ಒಂದು ಕಡೆ ದೂರದ ಶಾಟ್‌ಗೆ ಮೂರು ಅಂಕ, ಇನ್ನೊಂದು ಕಡೆ ಎರಡೇ. ಅವರವರ ಕಾಲದವರನ್ನು ಮೊದಲು ಪಕ್ಕ ನಿಲ್ಲಿಸಬೇಕು ಎನ್ನುವುದು ಇದಕ್ಕೇ.

ಮಾರಾವಿಚ್‌ರ ಪಕ್ಕ ನಿಲ್ಲಬೇಕಾದವರು ನೋಟರ್‌ ಡೇಮ್‌ನ ಆಸ್ಟಿನ್ ಕಾರ್. ನಮ್ಮ ಹುಡುಗರಲ್ಲಿ ಒಬ್ಬನೂ ಆ ಹೆಸರು ಕೇಳಿರಲಿಲ್ಲ, ನನಗೆ ನಿಜಕ್ಕೂ ಬೇಜಾರಾಯಿತು. 1969–70ರಲ್ಲಿ ಮಾರಾವಿಚ್ ಆಟಕ್ಕೆ 44.5 ಹೊಡೆದರೆ ಕಾರ್ 38.1 ಹೊಡೆದರು, ಪರ್ಡ್ಯೂವಿನ ರಿಕ್ ಮೌಂಟ್ 35.4. ಅದಕ್ಕೆ ಎರಡು ವರ್ಷ ಮೊದಲು ನಯಾಗರದ ಕ್ಯಾಲ್ವಿನ್ ಮರ್ಫಿ, ಐದಡಿ ಒಂಬತ್ತು ಇಂಚಿನ ಆಸಾಮಿ, 38.2 ಹೊಡೆದಿದ್ದರು. ಅಂದರೆ ಗಾರ್ಡ್ ಒಬ್ಬನೇ 35 ದಾಟುವುದು ಆ ಕಾಲಕ್ಕೆ ಆಗಬಾರದ್ದೇನೂ ಆಗಿರಲಿಲ್ಲ. ಈಗಿನವರಿಗೆ 44 ಕಂಡು ಆಗುವ ಬೆರಗಿನಲ್ಲಿ ದೊಡ್ಡ ಪಾಲು ಕಾಲದ್ದು. ಉಳಿದದ್ದು ಮಾರಾವಿಚ್‌ರದು, ಅದೂ ಸಣ್ಣದಲ್ಲ. ಎರಡನೆಯವರಿಗಿಂತ ಆಟಕ್ಕೆ ಐದಕ್ಕೂ ಹೆಚ್ಚು ಅಂಕ ಮುಂದೆ, ಅದೂ ಮೂರೂ ವರ್ಷ, ಬಿಡದೆ ದೇಶಕ್ಕೇ ಮೊದಲು.

ಕಾರ್ ವೃತ್ತಿ ಸರಾಸರಿ 34.6. ಆದರೆ ಶಾಟ್ ಬಿದ್ದ ಪ್ರಮಾಣ 52.9 ಶೇಕಡಾ. ಅದೇ ನಿಯಮ, ಹೆಚ್ಚುಕಡಿಮೆ ಅದೇ ವರ್ಷಗಳು, ಅದೇ ಎರಡಂಕದ ಬಾಸ್ಕೆಟ್, ಒಂಬತ್ತು ಶೇಕಡಾ ವ್ಯತ್ಯಾಸ. 1970ರ ಎನ್‌ಸಿಎಎ ಟೂರ್ನಿಯಲ್ಲಿ ಒಹಾಯೊ ವಿರುದ್ಧ 61 ಹೊಡೆದರು. 1971ರ ಜನವರಿಯಲ್ಲಿ ಯುಸಿಎಲ್‌ಎ ವಿರುದ್ಧ 46 ಹೊಡೆದು ನೋಟರ್‌ ಡೇಮ್‌ಗೆ 89–82 ಗೆಲುವು ತಂದರು, ಆ ಇಡೀ ಸೀಸನ್ನಿನಲ್ಲಿ ಯುಸಿಎಲ್‌ಎ ಸೋತದ್ದು ಅದೊಂದೇ ಆಟ. ಮಾರಾವಿಚ್ ಎನ್‌ಸಿಎಎ ಟೂರ್ನಿ ಆಡಲೇ ಇಲ್ಲ. ಕೆಂಟಕಿ ವಿರುದ್ಧ 64, ಅಲಬಾಮಾ ವಿರುದ್ಧ 69 ಹೊಡೆದ ಎರಡು ದಿನವೂ ಅವರ ತಂಡ ಸೋತಿತು. ಒಂದೇ ಒಂದು ಆಟ ಗೆಲ್ಲಬೇಕೆಂದರೆ ಆ ಕಾಲದ ಗಾರ್ಡ್‌ಗಳಲ್ಲಿ ನಾನು ಕಾರ್ ಅವರನ್ನೇ ಆರಿಸುತ್ತೇನೆ.

ಇನ್ನೊಂದು ಕಾಲಮ್ ಯಾವ ಅಂಕಿಪಟ್ಟಿಯಲ್ಲೂ ಇರುವುದಿಲ್ಲ: ಎದುರಿಗೆ ನಿಂತು ತಡೆದವರು ಯಾರು? ಮಾರಾವಿಚ್ ಆಡಿದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಕಪ್ಪು ಆಟಗಾರನೊಬ್ಬ ಮೊದಲ ಬಾರಿ ಮುಖ್ಯ ತಂಡಕ್ಕೆ ಇಳಿದದ್ದು 1967–68ರಲ್ಲಿ, ವಾಂಡರ್‌ಬಿಲ್ಟ್‌ನ ಪೆರಿ ವ್ಯಾಲೇಸ್. ಆ ವರ್ಷಗಳಲ್ಲಿ ಉಳಿದ ತಂಡಗಳು ಹೆಚ್ಚುಕಡಿಮೆ ಬಿಳಿಯರದ್ದೇ. ಇದು ಮಾರಾವಿಚ್ ಮಾಡಿದ ತಪ್ಪಲ್ಲ. ಆದರೆ ಆ ಊರುಗಳ ಎಷ್ಟೋ ಒಳ್ಳೆಯ ಡಿಫೆಂಡರ್‌ಗಳನ್ನು ಬಾಗಿಲಾಚೆ ನಿಲ್ಲಿಸಿ ಆಡಿದ ಲೀಗು ಅದು ಎಂಬುದನ್ನು ಬರೆದುಕೊಳ್ಳದೆ 44.2ನ್ನು ಬರೆಯಬಾರದು.

ಈಗ ಹಳೆಯ ಫಿಲ್ಮ್ ವಿಷಯ. ಥ್ರೀ ಗೆರೆ ಇದ್ದಿದ್ದರೆ ಮಾರಾವಿಚ್ ಆಟಕ್ಕೆ 57 ಹೊಡೆಯುತ್ತಿದ್ದರು ಎಂಬ ಮಾತೊಂದು ಬಹಳ ಕಾಲದಿಂದ ಓಡಾಡುತ್ತಿದೆ. ಗೆರೆಯೇ ಇಲ್ಲದ ಅಂಕಣದಲ್ಲಿ ದೂರ ಅಳೆಯುವುದು ಹೇಗೆ? ಇದಕ್ಕೊಂದು ಸುಲಭ ದಾರಿಯಿದೆ. ಫ್ರೀ ಥ್ರೋ ಗೆರೆ ಬ್ಯಾಕ್‌ಬೋರ್ಡ್‌ನಿಂದ 15 ಅಡಿ. ಅದರ ಮೇಲಿನ ಅರ್ಧವೃತ್ತದ ತ್ರಿಜ್ಯ 6 ಅಡಿ. ಒಟ್ಟು 21. ರಿಂಗಿನ ನಡುಬಿಂದು ಬ್ಯಾಕ್‌ಬೋರ್ಡ್‌ನಿಂದ 15 ಇಂಚು ಮುಂದಿರುವುದರಿಂದ ಅಷ್ಟನ್ನು ಕಳೆದರೆ 19 ಅಡಿ 9 ಇಂಚು, ಕರಾರುವಾಕ್ಕಾಗಿ 1986ರ ಗೆರೆ! ಹಳೆಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಆ ವೃತ್ತದ ನೆತ್ತಿ ಚೆನ್ನಾಗಿ ಕಾಣುತ್ತದೆ. ಶೂಟರ್‌ನ ಕಾಲು ಎದ್ದ ಜಾಗದಲ್ಲಿ ಚಿತ್ರ ನಿಲ್ಲಿಸಿ, ನೆತ್ತಿಯ ಆಚೆಯೋ ಈಚೆಯೋ ಎಂದು ಗೀಟು ಹಾಕುತ್ತ ಹೋದೆ. ಮೂಲೆಗಳಲ್ಲಿ ಅಂದಾಜು ತಪ್ಪುತ್ತದೆ, ನಡುವಿನಲ್ಲಿ ತಪ್ಪುವುದಿಲ್ಲ.

ಸಿಕ್ಕಷ್ಟು ಆಟ ನೋಡಿದ ಮೇಲೆ ಆ 57ನ್ನು ನಾನು ಒಪ್ಪುವುದಿಲ್ಲ. ಲೆಕ್ಕವೂ ಒಪ್ಪುವುದಿಲ್ಲ. ಅವರು ಆಟಕ್ಕೆ ಹಾಕುತ್ತಿದ್ದದ್ದು 16.7 ಬಾಸ್ಕೆಟ್. 57 ಆಗಬೇಕಾದರೆ ಅದರಲ್ಲಿ ಹದಿಮೂರರ ಹತ್ತಿರ ಗೆರೆಯಾಚೆಯಿಂದ ಬಂದಿರಬೇಕು. ಆಟಕ್ಕೆ ಹದಿನಾಲ್ಕು ಫ್ರೀ ಥ್ರೋ ಗಿಟ್ಟಿಸುವವನು ಹಾಗೆ ಹೊರಗೇ ನಿಂತಿರಲು ಸಾಧ್ಯವಿಲ್ಲ, ನುಗ್ಗುತ್ತಲೇ ಇರಬೇಕು. ಫಿಲ್ಮಿನಲ್ಲಿ ಕಾಣುವುದೂ ಅದೇ. ಓಡುತ್ತ ಓಡುತ್ತ ಬೆನ್ನ ಹಿಂದಿನಿಂದ ಪಾಸ್, ಇಬ್ಬರ ನಡುವೆ ತೂರಿ ಒಂದು ಕೈಯ ಶಾಟ್. ಇನ್ನೊಂದು ಮಾತು, ಆಗ ಡ್ರಿಬಲ್ ಮಾಡುವಾಗ ಕೈ ಚೆಂಡಿನ ಮೇಲೇ ಇರಬೇಕಿತ್ತು. ಈಗಿನ ಗಾರ್ಡ್‌ಗಳು ಚೆಂಡನ್ನು ಪಕ್ಕದಿಂದ ಹಿಡಿದಂತೆ ಮಾಡಿ ಕ್ಷಣ ತಡೆದು ಹೊರಡುತ್ತಾರಲ್ಲ, ಅದಕ್ಕೆ ಆಗಿನ ರೆಫರಿ ಸೀಟಿ ಊದುತ್ತಿದ್ದ. ಅಂಥ ನಿಯಮದೊಳಗೆ ಅಷ್ಟು ಕೈಚಳಕ ತೋರಿದ್ದು ನನಗೆ 44.2ಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಗೆರೆ ಹಿಂದೆ ಹೋದರೆ ಏನಾಗುತ್ತದೆ ಎಂದು ನೋಡಲು ಕರಿ ಒಳ್ಳೆಯ ಉದಾಹರಣೆ, ಸರಿಸಿದ ವರ್ಷದ ಎರಡೂ ಬದಿಗೆ ಆಡಿದವರು. 2007–08ರಲ್ಲಿ 369 ಥ್ರೀಗಳಲ್ಲಿ 162, ಎಂದರೆ 43.9 ಶೇಕಡಾ. ಮರುವರ್ಷ 336ರಲ್ಲಿ 130, 38.7 ಶೇಕಡಾ. ಒಂದಡಿಗೆ ಐದು ಶೇಕಡಾ ಹೋಯಿತು ಎಂದು ಹುಡುಗರು ಥಟ್ಟನೆ ಹೇಳಿದರು. ಸ್ವಲ್ಪ ತಡೆಯಿರಿ ಎಂದೆ. ಮೊದಲ ವರ್ಷ ಚೆಂಡು ತರುತ್ತಿದ್ದವರು ಜೇಸನ್ ರಿಚರ್ಡ್ಸ್, ಬಾಸ್ಕೆಟ್ ಆಗುವಂತೆ ಪಾಸ್ ಕೊಡುವುದರಲ್ಲಿ, ಎಂದರೆ ಅಸಿಸ್ಟ್‌ನಲ್ಲಿ ದೇಶಕ್ಕೇ ಮೊದಲಿಗರು. ಕರಿಯ ಕೆಲಸ ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತ ಜೊತೆಗಾರ) ಸುತ್ತಿ ಬಂದು ಚೆಂಡು ಹಿಡಿದು ಹೊಡೆಯುವುದು. ರಿಚರ್ಡ್ಸ್ ಓದು ಮುಗಿಸಿ ಹೋದ ಮೇಲೆ ಕರಿಯೇ ಪಾಯಿಂಟ್ ಗಾರ್ಡ್ ಆದರು, ಅಸಿಸ್ಟ್ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ಶಾಟ್‌ಗಳನ್ನು ತಾವೇ ಡ್ರಿಬಲ್‌ನಿಂದ ಹುಟ್ಟಿಸಿಕೊಳ್ಳಬೇಕಾಯಿತು. ಆ ಐದರಲ್ಲಿ ಗೆರೆಯ ಪಾಲೆಷ್ಟು, ಪಾತ್ರದ ಪಾಲೆಷ್ಟು ಎಂದು ಅಂಕಿ ಹೇಳುವುದಿಲ್ಲ. ನನ್ನ ಪ್ರಕಾರ ಪಾತ್ರದ್ದೇ ಹೆಚ್ಚು. ಅದೇ 2008ರ ನವೆಂಬರಿನಲ್ಲಿ ಮೇರಿಲ್ಯಾಂಡಿನ ಲೊಯೋಲಾ ತಂಡ ಆಟದುದ್ದಕ್ಕೂ ಇಬ್ಬರನ್ನು ಕರಿಗೆ ಅಂಟಿಸಿಬಿಟ್ಟಿತು. ಕರಿ ಮೂಲೆಗೆ ಹೋಗಿ ನಿಂತರು, ಉಳಿದ ನಾಲ್ವರು ಮೂವರ ವಿರುದ್ಧ ಆಡಿದರು. ಡೇವಿಡ್‌ಸನ್ 78–48ರಲ್ಲಿ ಗೆದ್ದಿತು. ಕರಿಯ ಅಂಕ ಸೊನ್ನೆ. ಸರಾಸರಿ ತೆಗೆಯುವಾಗ ಆ ಸೊನ್ನೆಯೂ ಸೇರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಸೊನ್ನೆಗೆ ಸುತ್ತು ಹಾಕಿದ್ದೇನೆ, ಗಾರ್ಡ್ ಆದವನು ಕಲಿಯಬೇಕಾದ ಆಟ ಅದು.

ಅಸಿಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎನ್‌ಸಿಎಎ ಅದನ್ನು ಬಿಡದೆ ಲೆಕ್ಕವಿಡತೊಡಗಿದ್ದು 1983–84ರಿಂದ. ಡ್ಯೂಕ್‌ನ ಬಾಬಿ ಹರ್ಲಿ 1993ರಲ್ಲಿ 1,076ಕ್ಕೆ ಮುಗಿಸಿದರು, ದಶಕಗಳ ಕಾಲ ಅದೇ ದಾಖಲೆ. ಅದಕ್ಕೆ ಹಿಂದಿನವರನ್ನು ಆ ಪಟ್ಟಿಗೆ ಎಳೆಯುವುದೇ ಸರಿಯಲ್ಲ. ಮೇಜಿನಲ್ಲಿ ಕೂತವರಿಗೆ ಇದೂ ಗೊತ್ತು: ಯಾವ ಪಾಸ್ ಅಸಿಸ್ಟ್, ಯಾವುದು ಅಲ್ಲ ಎನ್ನುವುದು ಬರೆಯುವವನ ಕಣ್ಣಿಗೆ ಬಿಟ್ಟದ್ದು.

ಕೊನೆಗೆ ಕ್ಲಾರ್ಕ್. ಅವರನ್ನು ಮಾರಾವಿಚ್ ಜೊತೆ ತೂಗಿದ್ದಕ್ಕಿಂತ ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ ಜೊತೆ ತೂಗಬೇಕಿತ್ತು. ಇಬ್ಬರೂ ಗಾರ್ಡ್, ಇಬ್ಬರೂ ನಾಲ್ಕು ವರ್ಷ ಆಡಿದವರು, ಇಬ್ಬರದೂ 139 ಆಟ! ವುಡರ್ಡ್ 1977ರಿಂದ 81ರ ತನಕ 3,649 ಅಂಕ. ಕ್ಲಾರ್ಕ್ 2020ರಿಂದ 24ರ ತನಕ 3,951. ನಡುವೆ 302 ಅಂಕ. ಕ್ಲಾರ್ಕ್ ಹಾಕಿದ ಥ್ರೀಗಳು 548. ಅವೆಲ್ಲ ಎರಡೇ ಅಂಕದವಾಗಿದ್ದರೆ ಅವರ ಮೊತ್ತ 3,403ಕ್ಕೆ ಇಳಿಯುತ್ತದೆ. ವುಡರ್ಡ್ ಆಡಿದ್ದು ದೊಡ್ಡ ಚೆಂಡಿನಲ್ಲಿ, ಥ್ರೀ ಗೆರೆ ಇಲ್ಲದೆ. ಕ್ಲಾರ್ಕ್ ಪರವಾಗಿಯೂ ಹೇಳಬೇಕು: ಗೆರೆ ಇಲ್ಲದಿದ್ದರೆ ಅವರು ಅಷ್ಟು ದೂರದಿಂದ ಹೊಡೆಯುತ್ತಲೇ ಇರಲಿಲ್ಲ, ಹತ್ತಿರ ಬಂದು ಹೆಚ್ಚು ಹಾಕುತ್ತಿದ್ದರು. 2023–24ರಲ್ಲಿ ಅಂಕದಲ್ಲೂ ಅಸಿಸ್ಟ್‌ನಲ್ಲೂ ದೇಶಕ್ಕೇ ಮೊದಲಿಗರಾದರು: 31.6 ಮತ್ತು 8.9. ಪಾಸ್ ಸೇರಿಸಿ ನೋಡಿದರೆ ನಾನು ಕ್ಲಾರ್ಕ್ ಅವರನ್ನು ಮೇಲಿಡುತ್ತೇನೆ, ಬರೀ ಅಂಕವಾದರೆ ವುಡರ್ಡ್ ಅವರನ್ನು.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ವುಡರ್ಡ್ ಆಡುವಾಗ ಮಹಿಳೆಯರ ಕಾಲೇಜು ಕ್ರೀಡೆ ಎಐಎಡಬ್ಲ್ಯು ಎಂಬ ಸಂಸ್ಥೆಯ ಕೈಲಿತ್ತು, ಎನ್‌ಸಿಎಎ ಮಹಿಳಾ ಟೂರ್ನಿ ಶುರುವಾದದ್ದೇ 1982ರಲ್ಲಿ. ಹಾಗಾಗಿ ಅವರ ಅಂಕಗಳು ಬಹಳ ಕಾಲ ಎನ್‌ಸಿಎಎ ದಾಖಲೆ ಪುಸ್ತಕದ ಹೊರಗೇ ಉಳಿದವು. ಸಣ್ಣ ಕಾಲೇಜುಗಳ ವಿಭಾಗದಲ್ಲಿ ಆಡಿದ ಪರ್ಲ್ ಮೂರ್ 4,061 ಹೊಡೆದಿದ್ದಾರೆ, ಕ್ಲಾರ್ಕ್‌ಗಿಂತ ಹೆಚ್ಚು, ಅವರೂ ಗಾರ್ಡೇ. ನನ್ನ ನೋಟ್‌ಬುಕ್ಕಿನಲ್ಲಿ ಇಬ್ಬರಿಗೂ ಪೂರ್ತಿ ಪುಟವಿದೆ.

ಇನ್ನು ಉಳಿದದ್ದು ಸಿನ್ಸಿನಾಟಿಯ ಆಸ್ಕರ್ ರಾಬರ್ಟ್‌ಸನ್. 88 ಆಟ, ಆಟಕ್ಕೆ 33.8 ಅಂಕ, 15.2 ರೀಬೌಂಡ್ (ಬೀಳದೆ ಮರಳಿದ ಶಾಟ್‌ನ ಚೆಂಡು ಹಿಡಿಯುವುದು). ಆ ರೀಬೌಂಡ್ ನೋಡಿದರೇ ತಿಳಿಯುತ್ತದೆ, ಕಾಲೇಜಿನಲ್ಲಿ ಅವರನ್ನು ಆಡಿಸಿದ್ದು ಬಹುಪಾಲು ರಿಂಗಿಗೆ ಹತ್ತಿರ ಆಡುವ ಫಾರ್ವರ್ಡ್ ಜಾಗದಲ್ಲಿ. ಗಾರ್ಡ್ ಎಂದು ಹೆಸರಾದದ್ದು ವೃತ್ತಿಪರ ಲೀಗ್ ಎನ್‌ಬಿಎಗೆ ಹೋದ ಮೇಲೆ. ಹುಡುಗರು ಎಷ್ಟು ಒತ್ತಾಯ ಮಾಡಿದರೂ ನಾನು ಅವರನ್ನು ಈ ಪಟ್ಟಿಗೆ ಸೇರಿಸಿಲ್ಲ.